ಮುನಿಶಾಮಿಯವರ ಮೀಸೆ ಮತ್ತು ಸಮುದ್ರದ ತಳ

ಬಟ್ಟೆ ಎಂದಮೇಲೆ ಗುಂಡಿಯಾಗಲಿ ಜಿಪ್ಪಾಗಲಿ ಮುಂದುಗಡೆಯೇ ಇರಬೇಕು ಎಂಬುದು ಕಗ್ಗದಾಸಪುರದ ಮುನಿಶಾಮಿಯವರು ಐವತ್ತೈದು ವರ್ಷ ನಂಬಿಕೊಂಡು ಬಂದಿದ್ದ ಸತ್ಯ. ಆದ್ದರಿಂದ ಇಂದಿರಾನಗರದ ಈಜುಕೊಳದ ಬಟ್ಟೆ ಬದಲಿಸುವ ಕೋಣೆಯಲ್ಲಿ ಕರಿ ರಬ್ಬರಿನ ವೆಟ್‌ಸೂಟು ಕೈಗೆ ಬಂದಾಗ ಅವರು ಯಾರನ್ನೂ ಏನೂ ಕೇಳಲಿಲ್ಲ. ಜಿಪ್ಪನ್ನು ಮುಂದಕ್ಕೆ ಮಾಡಿಕೊಂಡು, ಚಕ್ಕುಲಿ ಒರಳಿಗೆ ಹಿಟ್ಟು ತುಂಬುವ ಹಾಗೆ ತಮ್ಮನ್ನು ತಾವೇ ಅದರೊಳಕ್ಕೆ ತುಂಬಿಕೊಂಡರು. ಸೂಟು ಹೊಲಿದವನು ಹಿಂಭಾಗಕ್ಕೆಂದು ಧಾರಾಳವಾಗಿ ಬಿಟ್ಟಿದ್ದ ಜಾಗವೆಲ್ಲ ಅವರ ಹೊಟ್ಟೆಗೆ ಬಂತು. ಹೊಟ್ಟೆಗೆ ಅದೂ ಸಾಲಲಿಲ್ಲ. ಹೇಗೋ ಉಸಿರೆಳೆದು ಜಿಪ್ಪು ಏರಿಸಿ, ಮೀಸೆ ತಿರುವಿ, ಮದುವೆ ಗಂಡಿನ ಗಾಂಭೀರ್ಯದಲ್ಲಿ ಹೊರಗೆ ಬಂದರು.

ಕೊಳದಲ್ಲಿ ಈಜು ಕಲಿಯುತ್ತಿದ್ದ ಮಕ್ಕಳೆಲ್ಲ ಕೈಕಾಲು ಬಡಿಯುವುದನ್ನು ನಿಲ್ಲಿಸಿದವು. ಡೈವಿಂಗ್ ಕಲಿಸುವ ಶೀಬಾ ಮೇಲಿಂದ ಕೆಳಗೆ ಒಮ್ಮೆ, ಕೆಳಗಿಂದ ಮೇಲೆ ಒಮ್ಮೆ ನೋಡಿ, ಬಹಳ ಮರ್ಯಾದೆಯಿಂದ ಕೇಳಿದಳು:

"ಅಂಕಲ್, ನೀವೀಗ ಬರ್ತಾ ಇದೀರೋ, ಹೋಗ್ತಾ ಇದೀರೋ?"

ಹಾಕಿಕೊಳ್ಳಲು ಹಿಡಿದ ಹೊತ್ತಿನ ಎರಡರಷ್ಟು ಬಿಚ್ಚಲು ಹಿಡಿಯಿತು. ಕೊಳದ ಕಾವಲಿನವರಿಬ್ಬರು ಆಳಿಗೊಂದು ತೋಳು ಹಿಡಿದು ಎಳೆದಾಗ ಮುನಿಶಾಮಿಯವರು ಹಲಸಿನ ತೊಳೆಯಂತೆ ಕಿತ್ತು ಬಂದರು. ಇಷ್ಟಾದರೂ ಪಕ್ಕದಲ್ಲಿ ನಿಂತಿದ್ದ ಮಗಳು ಪ್ರಿಯದರ್ಶಿನಿ ತುಟಿ ಕಚ್ಚಿಕೊಂಡಿದ್ದಳೇ ಹೊರತು ನಗಲಿಲ್ಲ. ತಾನು ನಕ್ಕರೆ ಅಪ್ಪ ಮನೆಗೆ ಹೊರಡುತ್ತಾರೆ. ಅಪ್ಪ ಮನೆಗೆ ಹೊರಟರೆ ತನ್ನ ಸಮುದ್ರವೂ ಅವರ ಹಿಂದೆಯೇ ಹೊರಟುಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಮುನಿಶಾಮಿಯವರಿಗೂ ನೀರಿಗೂ ಅಲ್ಲಿಯತನಕ ಇದ್ದದ್ದು ವ್ಯವಹಾರದ ಸಂಬಂಧ ಮಾತ್ರ. ಅವರ ತಂದೆಯ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆದಾರರು ಬೆಳೆಯುತ್ತಾರೆ. ಅಂತಸ್ತಿನ ಮೇಲೆ ಅಂತಸ್ತಾಗಿ ಎದ್ದ ಆ ಕಟ್ಟಡದಲ್ಲಿ ಸುರಪುರ, ಶಹಾಪುರ, ಲಿಂಗಸೂಗೂರಿನ ಕಡೆಯಿಂದ ದುಡಿಯಲು ಬಂದ ಸಂಸಾರಗಳಿವೆ. ಅವರಿಗೆಲ್ಲ ಹೊತ್ತಿಗೆ ಸರಿಯಾಗಿ ಮೋಟಾರು ಹಾಕುವುದು, ಟ್ಯಾಂಕು ತುಂಬಿತೇ ಎಂದು ಇಣುಕುವುದು, ಟ್ಯಾಂಕರಿನವನ ಜೊತೆ ಜಗಳ ಆಡುವುದು, ಇದು ಮುನಿಶಾಮಿಯವರ ಜಲಶಾಸ್ತ್ರ. ನೀರು ಸಂಪಿನಲ್ಲಿರಬೇಕು, ಟ್ಯಾಂಕಿಗೆ ಏರಬೇಕು, ನಲ್ಲಿಯಲ್ಲಿ ಇಳಿಯಬೇಕು. ಮನುಷ್ಯ ನೀರಿಗಿಳಿಯುವುದೇನಿದ್ದರೂ ಸಂಪು ತೊಳೆಯುವಾಗ, ಅದೂ ನೀರೆಲ್ಲ ತೆಗೆದ ಮೇಲೆ.

ಇನ್ನು ಮೀಸೆ. ಹೊರಗಿನವರಿಗೆ ಮುನಿಶಾಮಿಯವರ ಗುರುತು ಹೇಳುವಾಗ ಕಗ್ಗದಾಸಪುರದವರು ಮನೆಯ ಬಣ್ಣ ಹೇಳುವುದಿಲ್ಲ, ಮೀಸೆ ಹೇಳುತ್ತಾರೆ. ಕೆನ್ನೆಯ ಅರ್ಧದವರೆಗೆ ಹೋಗಿ ಅಲ್ಲಿಂದ ಮೇಲಕ್ಕೆ ತಿರುಗುವ ಆ ಮೀಸೆ, ಅವರ ಸಮಸ್ತ ಆಸ್ತಿಯಲ್ಲಿ ಖಾತೆ, ಕಂದಾಯ, ನಕ್ಷೆ ಯಾವುದರ ತಕರಾರೂ ಇಲ್ಲದ ಏಕೈಕ ಭಾಗ. ಗಡಿ ಒತ್ತುವರಿಯನ್ನೂ ಅದು ಆಗಾಗ ಮಾಡುತ್ತಿತ್ತು, ಕೇಳುವವರಿರಲಿಲ್ಲ.

ಇಂಥವರ ಮಗಳು ಪ್ರಿಯದರ್ಶಿನಿ ಬಿ.ಕಾಂ. ಮುಗಿಸಿ ಒಂದು ವಿಮಾ ಕಚೇರಿಯಲ್ಲಿ ಕೂತಿದ್ದಳು. ಕಚೇರಿಯವರ ಜೊತೆ ಮುರುಡೇಶ್ವರಕ್ಕೆ ಪ್ರವಾಸ ಹೋದವಳು ಅಲ್ಲಿ ಸಿಲಿಂಡರು ಬೆನ್ನಿಗೇರಿಸಿ ಒಮ್ಮೆ ಮುಳುಗೆದ್ದಳು. ಎದ್ದವಳು ಮತ್ತೆ ಪೂರ್ತಿ ಒಣಗಲೇ ಇಲ್ಲ. ರಜೆ ಬಂತೆಂದರೆ ಇಂದಿರಾನಗರದ ಕೊಳದಲ್ಲಿ ಶೀಬಾಳ ಶಿಷ್ಯೆ. ಒಂದಾದ ಮೇಲೊಂದು ಪರೀಕ್ಷೆ ಪಾಸಾಗಿ, ಹೊಸಬರನ್ನು ಕೈಹಿಡಿದು ಸಮುದ್ರಕ್ಕಿಳಿಸುವಷ್ಟು ಕಲಿತಳು. ಮುರುಡೇಶ್ವರದ ಒಂದು ಡೈವಿಂಗ್ ಶಾಲೆಯವರು ಈ ಸೀಸನ್ನಿಗೆ ನಮ್ಮಲ್ಲಿಗೇ ಬಾ ಎಂದು ಕರೆದರು. ಈ ಮುಳುಗಾಟದ ಹೆಸರಾದ ಸ್ಕೂಬಾ ಎಂಬ ಪದದಲ್ಲೇ 'ಬಾ' ಎಂಬ ಕರೆ ಇದ್ದರೂ ಮುನಿಶಾಮಿಯವರಿಗೆ ಕೇಳಿಸಿದ್ದು ಅದರ ಮುಂದಿನ 'ಹೋಗು' ಮಾತ್ರ.

ಆಗ ಅವರು ಊಟದ ಮನೆಯಲ್ಲಿ, ಹೆಂಡತಿ ಸುಕನ್ಯ, ತಂದೆ ಮುನಿವೆಂಕಟಪ್ಪ ಎಲ್ಲರ ಎದುರಿಗೆ, ಒಂದು ಮಾತು ಆಡಿಬಿಟ್ಟರು. ನಿಂತು ನೋಡದ ಜಾಗವನ್ನು ನಮ್ಮ ವಂಶದಲ್ಲಿ ಯಾರೂ ಕೊಂಡಿಲ್ಲ, ನಿಂತು ನೋಡದ ಮನೆಗೆ ಹೆಣ್ಣು ಕೊಟ್ಟಿಲ್ಲ. ಹಾಗೆಯೇ ತಾನು ಇಳಿದು ನೋಡದ ಜಾಗಕ್ಕೆ ತನ್ನ ಮಗಳು ಇಳಿಯುವ ಹಾಗಿಲ್ಲ. ಅವರ ಲೆಕ್ಕದಲ್ಲಿ ಅದು ಕೀಲಿ ಇಲ್ಲದ ಬೀಗ. ಐವತ್ತೈದರ ಪ್ರಾಯ, ಈಜು ಬಾರದು, ಬಕೆಟ್ಟಿನ ನೀರು ತಲೆಗೆ ಹುಯ್ದುಕೊಳ್ಳುವಾಗಲೂ ಒಂದು ಕೈಯಲ್ಲಿ ನಲ್ಲಿ ಹಿಡಿದಿರುವ ಜೀವ. ಯಾರು ಇಳಿಸಿಕೊಳ್ಳುತ್ತಾರೆ?

ಶೀಬಾ ಇಳಿಸಿಕೊಂಡಳು. ಮೊದಲ ಸಲ ಇಳಿಯುವವರಿಗೆ ಈಜು ಬರಬೇಕೆಂದೇನೂ ಇಲ್ಲ, ಕೊಳದಲ್ಲಿ ಉಸಿರಾಟ ಅಭ್ಯಾಸವಾದರೆ ಸಾಕು, ಸಮುದ್ರದಲ್ಲಿ ಕೈ ಹಿಡಿದುಕೊಂಡು ಹೋಗುತ್ತೇವೆ ಎಂದಳು. ಕೊನೆಯ ಆಸೆಯಾಗಿ ಡಾಕ್ಟರ ಹತ್ತಿರ ಹೋದರೆ ಅವರೂ ಕೈಕೊಟ್ಟರು: ಎದೆ, ಕಿವಿ, ಪುಪ್ಪುಸ ಎಲ್ಲ ಹುಡುಗನ ಹಾಗಿದೆ ಎಂದರು. ಆಡಿದ ಮಾತು ಮೀಸೆಯಂತೆ ಮುಖದ ಮೇಲೆಯೇ ಇತ್ತು, ಮುಚ್ಚಿಡುವ ಹಾಗಿರಲಿಲ್ಲ.

ವೆಟ್‌ಸೂಟು ತಿರುಗುಮುರುಗಾದ ಆ ಬೆಳಗ್ಗೆ, ಮಗಳು ಕಚೇರಿಗೆ ಹೊರಟ ಮೇಲೆ, ಪಾಠ ಶುರುವಾಯಿತು. ಮುನಿಶಾಮಿಯವರು ಮೊದಲು ಸಿಲಿಂಡರನ್ನು ಮಾತಾಡಿಸಿದರು. ಮನೆಗೆ ಗ್ಯಾಸು ಬಂದಾಗ ಮಾಡುವ ಹಾಗೆ ಇದಕ್ಕೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಬೇಕು ಎಂದರು. ಗುಳ್ಳೆ ಬರುವುದೇ ಇಲ್ಲಿಯ ಉದ್ದೇಶ ಎಂದು ಶೀಬಾ ಅರ್ಥಮಾಡಿಸಿದಳು. ಆಮೇಲೆ ಎದೆಯಷ್ಟು ನೀರಿನಲ್ಲಿ ನಿಲ್ಲಿಸಿ, ಬಾಯಿಗೆ ಕೊಳವೆ ಕೊಟ್ಟು, ಇಲ್ಲಿ ಒಂದೇ ನಿಯಮ ಎಂದಳು. ಏನೇ ಆಗಲಿ, ಉಸಿರು ಹಿಡಿಯಬಾರದು. ಮುನಿಶಾಮಿಯವರು ತಲೆಯಾಡಿಸಿ, ಉಸಿರು ಹಿಡಿದುಕೊಂಡೇ ಮುಳುಗಿದರು.

ಅದೂ ಸರಿಹೋಯಿತು ಎನ್ನುವಷ್ಟರಲ್ಲಿ ಹೆಬ್ಬೆರಳು ಕೈಕೊಟ್ಟಿತು. ಬಾಡಿಗೆದಾರರ ವಾಟ್ಸಾಪ್ ಗುಂಪಿನಲ್ಲಿ ನೀರು ಬಂತು, ಲೈಟು ಹೋಯ್ತು, ಅಡ್ವಾನ್ಸು ಮುಂದಿನ ವಾರ ಎಂಬ ಯಾವ ಸುದ್ದಿಗೂ ಮುನಿಶಾಮಿಯವರ ಉತ್ತರ ಎತ್ತಿದ ಹೆಬ್ಬೆರಳೊಂದೇ. ನೀರೊಳಗೂ ಶೀಬಾ ಎರಡು ಬೆರಳನ್ನು ಉಂಗುರದಂತೆ ಸುತ್ತಿ ಆರಾಮವೇ ಎಂದು ಕೇಳಿದಾಗಲೆಲ್ಲ ಇವರು ಉತ್ಸಾಹದಿಂದ ಹೆಬ್ಬೆರಳು ಎತ್ತಿದರು. ಡೈವಿಂಗಿನ ಭಾಷೆಯಲ್ಲಿ ಅದಕ್ಕೆ ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋಗಿ ಎಂದರ್ಥ. ಪಾಪ, ಅವಳು ಪ್ರತಿ ಸಲವೂ ಮೇಲಕ್ಕೆ ತಂದಳು. ಮೇಲೆ ಬಂದು ಇವರು ಯಾಕೆ ಬಂದೆವು ಎಂದು ಕೇಳಿದರು.

ಆದರೆ ನಿಜವಾದ ತೊಂದರೆ ಮಾಸ್ಕಿನದು. ಕಣ್ಣು ಮೂಗು ಎರಡನ್ನೂ ಮುಚ್ಚುವ ಆ ಗಾಜಿನ ಮುಖವಾಡ ಚರ್ಮಕ್ಕೆ ಬಿಗಿಯಾಗಿ ಕಚ್ಚಿಕೊಂಡಿದ್ದರೆ ತಾನೇ ನೀರು ಒಳಗೆ ಬಾರದಿರುವುದು. ಮುನಿಶಾಮಿಯವರ ಮೂಗಿನ ಕೆಳಗೆ ಚರ್ಮ ಎಂಬುದು ದಾಖಲೆಯಲ್ಲಿ ಮಾತ್ರ ಇತ್ತು. ಕೂದಲ ಸಂದಿಯಿಂದ ನೀರು ಸಣ್ಣಗೆ ಜಿನುಗಿ, ಮೂಗಿಗೆ ಬಂದು, ಕಣ್ಣಿಗೇರಿ, ಅವರು ಕಾರಂಜಿಯಂತೆ ಮೇಲೇಳುತ್ತಿದ್ದರು. ಇದೆಲ್ಲ ನೀರು ಕುಡಿದಷ್ಟು ಸುಲಭ ಎಂದು ಶೀಬಾ ಮೊದಲೇ ಹೇಳಿದ್ದಳು. ಆ ಬೆಳಗ್ಗೆ ಅವರು ಮಾಡಿದ್ದೂ ಅದೊಂದನ್ನೇ.

ಮಾಸ್ಕು ಬದಲಾಯಿಸಿದರು, ಪಟ್ಟಿ ಬಿಗಿ ಮಾಡಿದರು, ಮೀಸೆಗೆ ವ್ಯಾಸಲೀನ್ ಮೆತ್ತಿದರು. ಮೀಸೆ ಮಿಂಚಿತು, ನೀರು ಮಾತ್ರ ನಿಲ್ಲಲಿಲ್ಲ. ಕೊನೆಗೆ ಶೀಬಾ ಕೊಳದ ಅಂಚಿಗೆ ಕೂರಿಸಿ, "ಅಂಕಲ್, ಪ್ರಾಬ್ಲಮ್ ಮಾಸ್ಕಲ್ಲಿಲ್ಲ, ಮೀಸೇಲಿದೆ. ತೆಗಿಸ್ಬಿಡಿ, ಮತ್ತೆ ಬೆಳಿಯತ್ತೆ," ಎಂದಳು.

ಮುನಿಶಾಮಿಯವರು ಮುಖ ಒರೆಸಿಕೊಂಡು ಅವಳಿಗೆ ತಮ್ಮ ಕಡೆಯ ಪದ್ಧತಿ ವಿವರಿಸಿದರು. ತಂದೆ ಬದುಕಿರುವ ಗಂಡಸು ಮೀಸೆ ಬೋಳಿಸುವುದಿಲ್ಲ. ಅದು ತೆಗೆಯುವುದು ತಂದೆಯನ್ನು ಮಣ್ಣು ಮಾಡಿದ ದಿನ. ಇದ್ದಾಗಲೇ ತೆಗೆದರೆ ಬೇಗ ಹೊರಡು ಎಂದು ಹೇಳಿದ ಹಾಗೆ. ಹಾಗಾದರೆ ಮೂಗಿನ ಕೆಳಗೆ ಒಂದು ಸಣ್ಣ ಗೆರೆಯಷ್ಟು ಮಾತ್ರ ತೆಗೆದರೆ ಆಗದೇ ಎಂದು ಶೀಬಾ ಕೇಳಿದಳು.

"ಅರ್ಧ ಮೀಸೆ ತೆಗುದ್ರೆ ಅಪ್ಪ ಅರ್ಧ ಹೋದ್ರು ಅಂತ ಆಗತ್ತಮ್ಮ," ಎಂದರು ಮುನಿಶಾಮಿಯವರು.

ತಂದೆಗೆ ಎಷ್ಟು ವಯಸ್ಸು ಎಂದು ಅವಳು ವಿಚಾರಿಸಿದಳು. ಎಂಬತ್ತೇಳು, ದಿನಾ ಎರಡು ಹೊತ್ತು ಮುದ್ದೆ ನುಂಗುತ್ತಾರೆ ಎಂದು ಉತ್ತರ ಬಂತು. ಶೀಬಾ, ಸೋ ನೈಸ್, ಎಂದಳು.

ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಮುನಿಶಾಮಿಯವರಿಗೆ ಹೋದ ಜೀವ ಬಂದಂತಾಗಿತ್ತು. ಹೆದರಿ ಹಿಂದೆ ಸರಿದರು ಎಂದು ಯಾರೂ ಅನ್ನುವ ಹಾಗಿಲ್ಲ. ಅವರು ಸಿದ್ಧರೇ, ಸಂಪ್ರದಾಯ ಬಿಡುತ್ತಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೇನಿದೆ? ದಾರಿಯಲ್ಲಿ ಹಲಸೂರಿನ ಬೇಕರಿಯ ಮುಂದೆ ಸ್ಕೂಟರು ನಿಲ್ಲಿಸಿ ತಂದೆಗೆಂದು ಬೆಣ್ಣೆ ಬಿಸ್ಕತ್ತು ಕಟ್ಟಿಸಿದರು. ಅಪ್ಪನ ಆಯಸ್ಸಿನ ಮೇಲೆ ಅವರಿಗೆ ಅಂದು ಉಕ್ಕಿದಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.

ಸಂಜೆ ಮಗಳು ಮನೆಗೆ ಬಂದ ಮೇಲೆ ವಿಷಯ ತಿಳಿಸಿದರು. ಅವಳು ವಾದಿಸುತ್ತಾಳೆ, ಅಳುತ್ತಾಳೆ, ಅಮ್ಮನನ್ನು ಎಳೆದು ತರುತ್ತಾಳೆ ಎಂದು ಉತ್ತರಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟುಕೊಂಡಿದ್ದರು. ಪ್ರಿಯದರ್ಶಿನಿ, "ಸರಿ ಅಪ್ಪ. ತಾತನ್ ವಿಷ್ಯ ಅಲ್ವಾ," ಎಂದಳು. ಅಷ್ಟೇ. ಜೋಡಿಸಿಟ್ಟ ಉತ್ತರಗಳು ಹಾಗೇ ಉಳಿದವು, ನೆಂಟರು ಬಾರದ ಮನೆಯಲ್ಲಿ ಒಬ್ಬಟ್ಟು ಉಳಿದ ಹಾಗೆ.

ಮುಂದಿನ ವಾರವೆಲ್ಲ ಅವಳು ಕಚೇರಿಗೆ ಹೋದಳು, ಬಂದಳು, ಊಟ ಮಾಡಿದಳು. ಇಂದಿರಾನಗರದ ಹೆಸರೆತ್ತಲಿಲ್ಲ. ಮುನಿಶಾಮಿಯವರು ಗೆದ್ದವರ ನೆಮ್ಮದಿಯಲ್ಲಿ ಇರಬೇಕಾಗಿತ್ತು, ಆದರೆ ಸುಮ್ಮಸುಮ್ಮನೆ ಮೋಟಾರು ಹಾಕುವುದು, ಆರಿಸುವುದು ಮಾಡಿದರು. ಮಗಳು ಇನ್ನಷ್ಟು ದಿನ ಹೀಗೇ ಸೌಮ್ಯವಾಗಿದ್ದರೆ ಮೋಟಾರಿನ ಕಾಯಿಲ್ ಸುಟ್ಟುಹೋಗುತ್ತದೆ ಎಂದು ಸುಕನ್ಯ ಎಚ್ಚರಿಸಿದರು.

ಒಂದು ಸಂಜೆ ಕಾಂಪೌಂಡಿನಲ್ಲಿ ಬಾಡಿಗೆದಾರ ಅಮರಪ್ಪನ ಮೊಪೆಡ್ಡು ನಿಂತಿತ್ತು. ಅಮರಪ್ಪ ಬಾಣಸವಾಡಿಯ ಅಪಾರ್ಟ್‌ಮೆಂಟೊಂದರಲ್ಲಿ ರಾತ್ರಿ ಪಾಳಿಯ ಕಾವಲುಗಾರ. ಸಂಜೆ ಕೆಲಸಕ್ಕೆ ಹೊರಡುವವರೆಗೆ ಅದರ ಸೀಟಿಗೆ ಏನಾದರೊಂದು ಹೊದಿಸಿಡುವುದು ಅವನ ಅಭ್ಯಾಸ. ಅಂದು ಹೊದಿಸಿದ್ದು ಕರಿ ರಬ್ಬರು. ಎರಡು ತೋಳು ಹ್ಯಾಂಡಲಿನ ಆಚೆ ಈಚೆ ಜೋತುಬಿದ್ದಿದ್ದವು, ಕಾಲುಗಳನ್ನು ಹಿಂದೆ ಗಂಟು ಹಾಕಲಾಗಿತ್ತು. ಮೊಪೆಡ್ಡಿನ ಮೇಲೆ ಯಾರೋ ಮುಖ ಕೆಳಗೆ ಹಾಕಿ ಮಲಗಿರುವಂತೆ ಕಾಣುತ್ತಿತ್ತು. ಮುನಿಶಾಮಿಯವರು ಹತ್ತಿರ ಹೋಗಿ ನೋಡಿದರು. ಕುತ್ತಿಗೆಯ ಒಳಗೆ ಬಿಳಿ ಬಣ್ಣದಲ್ಲಿ ಮಗಳ ಹೆಸರಿತ್ತು.

ಬಟ್ಟೆ ಒಣಹಾಕುತ್ತಿದ್ದ ಅಮರಪ್ಪನ ಹೆಂಡತಿ ಸಾಬಮ್ಮ ತಾನಾಗಿಯೇ ಹೇಳಿದಳು. "ಸಣ್ಣಕ್ಕಾರು ಕೊಟ್ಟಾರ್ರಿ. ಇನ್ನ ನನಗೇನೂ ಬ್ಯಾಡ, ಗಾಡಿಗೆ ಹೊಚ್ಚಾಕ ಚಲೋ ಆಕ್ಕೈತಿ, ನೀರು ತಡಿತೈತಿ ಅಂದ್ರು."

ಮುನಿಶಾಮಿಯವರು ಒಂದು ತೋಳನ್ನು ಎತ್ತಿ ಸರಿಯಾಗಿ ಮಡಚಿ ಸೀಟಿನ ಮೇಲಿಟ್ಟರು. ಅದು ಜಾರಿ ಮತ್ತೆ ಜೋತುಬಿತ್ತು.

ಮರುದಿನ ಬೆಳಗ್ಗೆ ಅವರು ಶಫಿ ಭಾಯಿಯ ಅಂಗಡಿಯ ಕುರ್ಚಿಯಲ್ಲಿ ಕೂತಿದ್ದರು. ಆ ಮೀಸೆಯನ್ನು ವಾರಕ್ಕೊಮ್ಮೆ ಅಳೆದು ಕತ್ತರಿಸಿ ತೋಟಗಾರನಂತೆ ಸಾಕಿದವರು ಶಫಿ ಭಾಯಿ. ಪಾಳಿ ಮುಗಿಸಿ ನೇರ ಅಲ್ಲಿಗೇ ಬಂದಿದ್ದ ಅಮರಪ್ಪ ಬೆಂಚಿನ ಮೇಲೆ ತೂಕಡಿಸುತ್ತಿದ್ದ.

"ಮೀಸೆ ತೆಗಿ ಶಫಿ. ಪೂರ್ತಿ."

ಶಫಿ ಭಾಯಿಯ ಕತ್ತರಿ ನಿಂತಿತು. ಅವರು ಹೋಗಿ ರೇಡಿಯೋ ಆರಿಸಿದರು. ಬಂದು ಗಿರಾಕಿಯ ಭುಜದ ಮೇಲೆ ಕೈಯಿಟ್ಟರು. ಮೂವತ್ತು ವರ್ಷ ಆ ಬೀದಿಯಲ್ಲಿ ಅಂಗಡಿ ನಡೆಸಿದವರಿಗೆ ಅಲ್ಲಿಯ ಗಂಡಸರು ಮೀಸೆ ತೆಗೆಸುವುದು ಯಾವಾಗ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುನಿಶಾಮಿಯವರು ಬಾಯಿ ತೆರೆಯುವಷ್ಟರಲ್ಲಿ ಮೂಗಿನ ಕೆಳಗೆ ನೊರೆ ಬಂದಿತ್ತು, ನೊರೆಯ ಮೇಲೆ ಕತ್ತಿ ಬಂದಿತ್ತು. ತುಟಿ ಅಲ್ಲಾಡಿಸಬೇಡಿ ಅಣ್ಣಾ, ಅಳು ಬಂದರೆ ಹೇಳಿ, ನಿಲ್ಲಿಸ್ತೀನಿ ಎಂದರು ಶಫಿ ಭಾಯಿ. ಹಾಗೆ ಹೇಳುತ್ತಲೇ ದೊಡ್ಡ ಯಜಮಾನರ ಗುಣಗಾನಕ್ಕೆ ತೊಡಗಿದರು. ಎಂಥ ಮನುಷ್ಯರು, ತಾನು ಅಂಗಡಿ ಹಾಕಿದಾಗ ಮೊದಲು ಬಂದು ಕೂತವರೇ ಅವರು. ಬೆಂಚಿನ ಮೇಲಿದ್ದ ಅಮರಪ್ಪನ ನಿದ್ದೆ ಹಾರಿಹೋಯಿತು. ಕನ್ನಡಿಯಲ್ಲಿ ಅವನು ಎದ್ದು ಓಡುವುದು ಮುನಿಶಾಮಿಯವರಿಗೆ ಕಂಡಿತು. ಕೂಗೋಣವೆಂದರೆ ಕತ್ತಿ ತುಟಿಯ ಮೇಲೆ.

ಪಟಿಕ ಉಜ್ಜುವಾಗ ಬಾಯಿಗೆ ಬಿಡುಗಡೆ ಸಿಕ್ಕಿತು. "ಅಪ್ಪ ಚೆನ್ನಾಗಿದಾರೆ ಶಫಿ."

"ಹಾ ಅಣ್ಣಾ," ಎಂದರು ಶಫಿ ಭಾಯಿ ಮೇಲಕ್ಕೆ ನೋಡಿ, "ಅಲ್ಲಿ ಚೆನ್ನಾಗೇ ಇರ್ತಾರೆ."

ಅತ್ತ ಮನೆಯಲ್ಲಿ ನಡೆದದ್ದು ಆಮೇಲೆ ಸುಕನ್ಯ ಹೇಳಿ ತಿಳಿಯಿತು. ಮುನಿವೆಂಕಟಪ್ಪನವರು ಬಾಗಿಲ ಮುಂದೆ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಬೆಣ್ಣೆ ಬಿಸ್ಕತ್ತನ್ನು ಕಾಫಿಗೆ ಅದ್ದುತ್ತಿದ್ದರು. ಅಮರಪ್ಪ ರಬ್ಬರು ಹೊದಿಸಿದ ಮೊಪೆಡ್ಡನ್ನು ಗೇಟಿನೊಳಗೆ ತಂದು ನಿಲ್ಲಿಸಿ, ಸುಗಂಧರಾಜದ ದೊಡ್ಡ ಹಾರ ಹಿಡಿದು ತಿರುಗಿದವನು ಕಂಬದಂತೆ ನಿಂತ. ಯಾರಿಗೆ ಈ ಹಾರ ಎಂದು ಯಜಮಾನರು ಕೇಳಿದರು. ಅಮರಪ್ಪ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

"ನಿಮಗಾ ತಂದಿನ್ರೀ ಯಜಮಾನ್ರ."

"ನಂಗ್ಯಾಕ್ಲಾ?"

ಅಮರಪ್ಪ ಬಹಳ ಯೋಚಿಸಿ, "ಹಂಗಾ ರೀ," ಎಂದ.

ಸನ್ಮಾನ ತಾನಾಗಿ ಬಂದರೆ ಬೇಡ ಎನ್ನುವ ವಂಶವಲ್ಲ ಅದು. ಯಜಮಾನರು ಲೋಟ ಕೆಳಗಿಟ್ಟು ಕತ್ತು ಮುಂದೆ ಮಾಡಿದರು. ಹಾರ ಹಾಕಿಸಿಕೊಂಡು ಮತ್ತೆ ಬಿಸ್ಕತ್ತು ಅದ್ದಿದರು. ಅಷ್ಟರಲ್ಲಿ ಅಮರಪ್ಪ ದಾರಿಯುದ್ದಕ್ಕೂ ಹೇಳಿಬಂದಿದ್ದ ಸುದ್ದಿ ಹಬ್ಬಿ, ಬೀದಿಯ ಮಂದಿ ಹೆಗಲ ಮೇಲೆ ಟವೆಲು ಹಾಕಿಕೊಂಡು, ಮುಖ ಸಣ್ಣದು ಮಾಡಿಕೊಂಡು ಬರತೊಡಗಿದರು. ಬಂದವರೆಲ್ಲ ಗೇಟಿನ ಹತ್ತಿರ ನಿಂತು, ಕೈ ಎಲ್ಲಿಡಬೇಕೆಂದು ತಿಳಿಯದೆ ಮುಗಿದರು. ರಾಮಮೂರ್ತಿ ನಗರದಿಂದ ಮುನಿಶಾಮಿಯವರ ಅಕ್ಕ ಅಣ್ಣಮ್ಮ ಆಟೋದಲ್ಲಿ ಅಳುತ್ತಲೇ ಇಳಿದರು. ಅಪ್ಪ ಕಾಫಿ ಕುಡಿಯುತ್ತಿರುವುದನ್ನು ಕಂಡರೂ ಅಷ್ಟು ಜೋರಿನಲ್ಲಿ ಹೊರಟಿದ್ದ ಅಳುವಿಗೆ ಒಮ್ಮೆಲೇ ಬ್ರೇಕು ಬೀಳಲಿಲ್ಲ. ಅದನ್ನೇ ಆನಂದಬಾಷ್ಪಕ್ಕೆ ತಿರುಗಿಸಿಕೊಂಡು ಇನ್ನೂ ಸ್ವಲ್ಪ ದೂರ ಓಡಿಸಿದರು.

ಮುನಿಶಾಮಿಯವರು ಬಂದದ್ದು ಆಗ. ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದರು.

"ಕೈ ತೆಗಿ," ಎಂದರು ತಂದೆ.

ಕೈ ತೆಗೆದರು. ಮದುವೆಯಾದಂದಿನಿಂದ ಗಂಡನ ಮೇಲ್ದುಟಿ ನೋಡಿರದಿದ್ದ ಸುಕನ್ಯ ಸೆರಗು ಬಾಯಿಗೆ ಒತ್ತಿಕೊಂಡರು, ಗಾಬರಿಗೋ ನಗುವಿಗೋ ಅವರಿಗೇ ಗೊತ್ತಿರಲಿಲ್ಲ. ಮುನಿವೆಂಕಟಪ್ಪನವರು ತಮ್ಮ ಕೊರಳಿನ ಹಾರ ನೋಡಿಕೊಂಡರು, ಮಗನ ಮುಖ ನೋಡಿದರು, ಮತ್ತೆ ಹಾರ ನೋಡಿಕೊಂಡರು. ಲೆಕ್ಕ ತಾಳೆಯಾಯಿತು.

"ನಿಮ್ಮಮ್ಮನ್ ತುಟೀನೇ ಅದೆ," ಎಂದರು ಮೆಲ್ಲಗೆ. ಆಮೇಲೆ ಕೇಳಿದರು, "ಯಾಕ್ಲಾ ತೆಗುದ್ಬುಟ್ಟೆ? ನಾನಿನ್ನೂ ಇವ್ನಿ."

ಮುನಿಶಾಮಿಯವರು ಪದ್ಧತಿ, ಮಾಸ್ಕು, ಆಡಿದ ಮಾತು ಎಲ್ಲವನ್ನೂ ಬಿಟ್ಟರು. ಮೊಪೆಡ್ಡಿನ ಕಡೆ ಕೈ ತೋರಿಸಿ, "ಮಗು ಸೂಟು ಅದ್ರು ಮೇಲ್ ಹಾಕವ್ಳೆ ಕಣಪ್ಪ," ಎಂದಷ್ಟೇ ಹೇಳಿದರು.

ಮೆಟ್ಟಿಲ ಮೇಲೆ ಕಚೇರಿಯ ಚೀಲ ಹಿಡಿದು ಪ್ರಿಯದರ್ಶಿನಿ ನಿಂತಿದ್ದಳು. ಮುದುಕರು ಮೊಪೆಡ್ಡಿನ ಮೇಲೆ ಜೋತುಬಿದ್ದಿದ್ದ ತೋಳುಗಳನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. ಹಾರದಿಂದ ಒಂದು ಹೂವು ಕಿತ್ತು ಮೂಸಿದರು.

"ನಾನ್ ಸತ್ತೆ ಅಂತ ಊರಿಗೆಲ್ಲಾ ಗೊತ್ತಾಗೋಗದೆ. ಇನ್ ನೀನು ನೀರಿಗ್ ಇಳೀಲಿಲ್ಲ ಅಂದ್ರೆ ನಾನ್ ಸತ್ತಿದ್ದೂ ದಂಡ ಕಣ್ಲಾ."

ಬಂದವರಿಗೆಲ್ಲ ಸುಕನ್ಯ ಉಪ್ಪಿಟ್ಟು ಮಾಡಿ ಬಡಿಸಿದರು. ಅಮರಪ್ಪ ವೆಟ್‌ಸೂಟನ್ನು ಗಾಡಿಯಿಂದ ಬಿಚ್ಚಿ, ಸೋಪು ಹಾಕಿ ತೊಳೆದು, ಎರಡೂ ಕೈಯಲ್ಲಿ ಹಿಡಿದು ಪ್ರಿಯದರ್ಶಿನಿಗೆ ಒಪ್ಪಿಸಿದ. ಅಣ್ಣಮ್ಮ ಮಾತ್ರ ತಮ್ಮನ ಮುಖ ನೋಡಿದಾಗಲೆಲ್ಲ ಹೊಸದಾಗಿ ಅತ್ತರು.

ಅಲ್ಲಿಂದ ಮುಂದೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಬೋಳು ಮುಖಕ್ಕೆ ಮಾಸ್ಕು ಲಕೋಟೆಗೆ ಅಂಚೆಚೀಟಿಯ ಹಾಗೆ ಅಂಟಿಕೊಂಡಿತು. ಇಂದಿರಾನಗರದ ಕೊಳದಲ್ಲಿ ಹನಿ ನೀರು ಒಳಗೆ ಬರಲಿಲ್ಲ. ಕೊಳದ ತಳದಲ್ಲಿ ಮಂಡಿಯೂರಿ ಕೂತು ಮುನಿಶಾಮಿಯವರು ಹೆಂಚುಗಳ ಸಂದಿಯಲ್ಲಿ ಸಿಮೆಂಟು ಬಿಟ್ಟುಹೋಗಿರುವುದನ್ನು ಕೂಡ ಗಮನಿಸಿ, ಮೇಲೆ ಬಂದ ಮೇಲೆ ಕಾವಲಿನವರಿಗೆ ತಿಳಿಸಿದರು. ಶೀಬಾ ಪಾಸ್ ಮಾಡಿದಳು. ಬೈಯಪ್ಪನಹಳ್ಳಿಯ ಹೊಸ ಟರ್ಮಿನಲ್ಲಿನಿಂದ ಮುರುಡೇಶ್ವರದ ರೈಲು ಹೊರಡುವಾಗ ಸುಕನ್ಯ ಗಂಡನ ತೋಳಿಗೆ ಮುನೇಶ್ವರನ ದಾರ ಕಟ್ಟಿ, ಇದನ್ನು ರಬ್ಬರಿನ ಒಳಗೇ ಇಟ್ಟುಕೊಳ್ಳಿ, ಒದ್ದೆಯಾದರೂ ಕೆಲಸ ಮಾಡುತ್ತದೆ ಎಂದರು.

ಕೊಳಕ್ಕೆ ತಳ ಕಾಣುತ್ತದೆ. ಸಮುದ್ರಕ್ಕೆ ಕಾಣುವುದಿಲ್ಲ. ದೋಣಿ ಒಂದು ನಡುಗಡ್ಡೆಯ ಮರೆಯಲ್ಲಿ ನಿಂತಾಗ ಮುನಿಶಾಮಿಯವರು ಅಂಚಿನಿಂದ ಬಗ್ಗಿ ನೋಡಿ, ಬಗ್ಗಿದ್ದಕ್ಕೆ ಬೆಳಗಿನ ಇಡ್ಲಿಯನ್ನು ಕಾಣಿಕೆಯಾಗಿ ಒಪ್ಪಿಸಿ, ಸೀದಾ ಬಂದು ಹಲಗೆಯ ಮೇಲೆ ಕೂತರು. ಬೇಡವೆಂದರೆ ಬೇಡ ಅಪ್ಪ, ಯಾರೂ ಏನೂ ಅನ್ನುವುದಿಲ್ಲ ಎಂದು ಮಗಳು ಕಿವಿಯಲ್ಲಿ ಹೇಳಿದಳು. ಮುನಿಶಾಮಿಯವರು ಅಭ್ಯಾಸಬಲದಿಂದ ಮೀಸೆ ತಿರುವಲು ಕೈಯೆತ್ತಿದರು. ಏನೂ ಸಿಗದೆ ಕೈ ಹಾಗೇ ಕೆಳಗಿಳಿಯಿತು. ಕೊಳವೆ ಕಚ್ಚಿದರು. ಡೈವಿಂಗ್ ಶಾಲೆಯವರು ದೋಣಿಯ ಅಂಚಿಗೆ ಬೆನ್ನು ಮಾಡಿ ಕೂರಿಸಿ, ಮಾಸ್ಕು ಒತ್ತಿ ಹಿಡಿಯಿರಿ ಎಂದರು. ಮೂರು ಎಣಿಸುತ್ತಾರೆ ಎಂದಿದ್ದರು, ಎರಡಕ್ಕೇ ತಳ್ಳಿದರು.

ಲೋಕವೆಲ್ಲ ತಲೆಕೆಳಗಾಗಿ ಬುಳುಬುಳು ಎಂದಿತು. ಆಮೇಲೆ ಎಲ್ಲ ಸದ್ದೂ ಹೋಗಿ ಒಂದೇ ಸದ್ದು ಉಳಿಯಿತು. ಸೂ ಎಂದು ಉಸಿರು ಒಳಗೆ, ಗುಳುಗುಳು ಎಂದು ಹೊರಗೆ. ಯಾರೋ ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ ಎಂದುಕೊಂಡರು; ತಾವೇ. ಎಡಗೈಯನ್ನು ಮಗಳು ಹಿಡಿದಿದ್ದಳು. ಕಿವಿ ಬಿಗಿದಾಗ ಕಲಿಸಿದ ಹಾಗೆ ಮೂಗು ಹಿಡಿದು ಊದಿದರು, ಕಿವಿ ಪಟ್ಟೆಂದು ಬಿಟ್ಟಿತು. ನೀರು ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ತಣ್ಣಗೆ, ತಿಂಗಳ ಕೊನೆಯ ಗೀಸರಿನಂತೆ. ಎಲ್ಲಿಂದಲೋ ಚಟಪಟ ಎಂದು ಸಾಸಿವೆ ಸಿಡಿಯುವ ಸದ್ದು ಬರುತ್ತಿತ್ತು. ಸಮುದ್ರದ ತಳದಲ್ಲೂ ಯಾರೋ ಒಗ್ಗರಣೆ ಹಾಕುತ್ತಿದ್ದಾರೆ ಎನ್ನುವ ಹಾಗೆ. ಆರಾಮವೇ ಎಂದು ಮಗಳು ಮೊದಲು ಯಾವ ಸನ್ನೆ ಮಾಡಿ ಕೇಳಿದಳೋ ಏನೋ, ಆಮೇಲೆ ಅವರ ಕೈಯನ್ನು ಒಮ್ಮೆ ಅದುಮಿದಳು. ಇವರೂ ಒಮ್ಮೆ ಅದುಮಿದರು. ಅಲ್ಲಿಂದ ಮುಂದೆ ಅದೇ ಅವರ ಮಾತುಕತೆ. ಅದುಮಿದರೆ ಅದುಮುವುದು. ಏನೋ ಒಂದು ತಣ್ಣನೆಯದು ಮೊಣಕಾಲಿಗೆ ಸವರಿಕೊಂಡು ಹೋಯಿತು. ಆಗ ಅವರು ಅದುಮಿದ್ದು ಸ್ವಲ್ಪ ಜೋರಾಯಿತು. ಅವಳ ಕೈ ಮಾತ್ರ ನಡುಗಲಿಲ್ಲ. ಮೂರು ವರ್ಷದವಳನ್ನು ಶಿವಾಜಿನಗರದ ಬಸ್‌ಸ್ಟ್ಯಾಂಡಿನ ಜನಜಂಗುಳಿಯಲ್ಲಿ ಹೀಗೆಯೇ ತಾವು ಹಿಡಿದು ನಡೆಸಿದ್ದುಂಟು. ಈಗ ಬಸ್‌ಸ್ಟ್ಯಾಂಡು ಅವಳದು.

ಮೇಲೆ ಬಂದಾಗ ದೋಣಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮುನಿಶಾಮಿಯವರು ಬಾಯಿಂದ ಕೊಳವೆ ತೆಗೆದು, ಸೈಟು ನೋಡಿ ಬಂದವರ ಧಾಟಿಯಲ್ಲಿ, "ಜಾಗ ಪರವಾಗಿಲ್ಲಮ್ಮ. ಸೇರ್ಕೋ," ಎಂದರು. ಪ್ರಿಯದರ್ಶಿನಿ ನೀರಿನಲ್ಲೇ ಅವರ ಕತ್ತು ತಬ್ಬಿದಳು. ಅವಳ ಮುಖ ಹೇಗೂ ಒದ್ದೆಯಾಗಿತ್ತು.

ಕಗ್ಗದಾಸಪುರದಲ್ಲಿ ಆ ಭಾನುವಾರ ಕಾಂಪೌಂಡು ತುಂಬಿತ್ತು. ಸಾಬಮ್ಮ, ಅಮರಪ್ಪ, ಶಫಿ ಭಾಯಿ, ರಾಮಮೂರ್ತಿ ನಗರದ ಅಣ್ಣಮ್ಮ. ಮುನಿಶಾಮಿಯವರು ಕುರ್ಚಿಯಲ್ಲಿ ಕೂತು ಕಥೆ ಹೇಳಿದರು. ಆಟೋ ಗಾತ್ರದ ಆಮೆ, ಅರಿಶಿನ ಕುಂಕುಮ ಬಳಿದ ಹಾಗಿರುವ ಮೀನು, ಬಂಡೆಯ ಕೆಳಗೆ ಬಾಯಿ ತೆರೆದು ಕಾಯುವ ಹಾವುಮೀನು, ಒಂದಾದ ಮೇಲೊಂದು ಈಜಿಕೊಂಡು ಬಂದವು. ದೋಣಿಯಲ್ಲಿ ಜೊತೆಗಿದ್ದವರು ವಾಪಸ್ಸು ಬರುವಾಗ ಇದನ್ನೆಲ್ಲ ಬಹಳ ಚೆನ್ನಾಗಿ ವರ್ಣಿಸಿದ್ದರು. ಸಾಬಮ್ಮ ಎರಡು ಸಲ ಕೆನ್ನೆ ಬಡಿದುಕೊಂಡಳು. ಒಳಗೆ ಪ್ರಿಯದರ್ಶಿನಿ ಸೂಟ್‌ಕೇಸು ತುಂಬುತ್ತಿದ್ದಳು. ಸುಕನ್ಯ ಅದರೊಳಗೆ ಒಂದು ಡಬ್ಬಿ ಹುರಿಹಿಟ್ಟು ತುರುಕುತ್ತಿದ್ದರು, ಅವಳು ತೆಗೆಯುತ್ತಿದ್ದಳು.

ಎಲ್ಲರೂ ಹೋದ ಮೇಲೆ ಮುನಿವೆಂಕಟಪ್ಪನವರು ಕುರ್ಚಿಯನ್ನು ಮಗನ ಹತ್ತಿರಕ್ಕೆ ಎಳೆದುಕೊಂಡರು. ಮಗನ ತುಟಿಯ ಮೇಲೆ ಆಗ ತಾನೇ ಸಾಸಿವೆಯಷ್ಟು ಬೆಳೆ ಎದ್ದಿತ್ತು.

"ಆಮೆ ಮೀನೆಲ್ಲಾ ಸರಿ ಕಣ್ಲಾ. ಬದ್ಕಿರೋ ಅಪ್ಪನ್ನ ಇಟ್ಕೊಂಡು ಮೀಸೆ ಕೊಟ್ಟು ಇಳ್ದೋನು ನೀನು. ಜಾಗ ಪರವಾಗಿಲ್ಲ ಅಂತ ಮಗೀಗ್ ಒಪ್ಗೆ ಕೊಟ್ಯಲ್ಲ, ಏನ್ ನೋಡಿ ಕೊಟ್ಟೆ?"

ಮುನಿಶಾಮಿಯವರು ಒಳಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಅವ್ಳು ಕೈ ಬಿಡ್ಲಿಲ್ಲ ಕಣಪ್ಪ. ನಾನು ಕಣ್ಣು ಬಿಡ್ಲಿಲ್ಲ."